ಬಿಳಿ ಜಾಗ ಕಂಡರಾಗದವರು

ನಮ್ಮ ಸರ್ ಅಂಗಡಿ ಮುಚ್ಚಿದರಂತೆ. ವಿನೋಬನಗರದ ಆ ಮಹಡಿ ಮೇಲಿನ ಕೋಣೆಗೆ ಈಗ ಯಾರೋ ಟ್ಯೂಷನ್ ಬೋರ್ಡು ಹಾಕಿದ್ದಾರೆ ಎಂದು ಪ್ರೆಸ್ಸಿನವರೊಬ್ಬರು ಫೋನಿನಲ್ಲಿ ಹೇಳಿದರು. ಕೇಳಿ ನನಗೆ ದುಃಖವಾಗಲಿಲ್ಲ. ಸಂತೋಷವೂ ಆಗಲಿಲ್ಲ ಎಂದರೆ ಸುಳ್ಳಾದೀತು, ಸ್ವಲ್ಪ ಆಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೈದು ಬರೆದಿದ್ದರೂ ಸರಿ, ಹೆಸರು ಅಚ್ಚಾಗಿದೆಯಲ್ಲ ಎಂದು ಅದನ್ನೇ ಕತ್ತರಿಸಿ, ಕಟ್ಟು ಹಾಕಿಸಿ, ಗೋಡೆಗೆ ನೇತುಹಾಕಿಕೊಳ್ಳುವ ಆಸಾಮಿ ಅವರು. ಆ ಸುಖ ನನ್ನ ಕೈಯಿಂದ ಬೇಡ.

ನನ್ನ ಕೆಲಸ ಅಕ್ಷರ ಬರೆಯುವುದು. ದಪ್ಪ ಕಾಗದದ ಮೇಲೆ ಕರಿ ಇಂಕಿನಲ್ಲಿ, ನಿಬ್ಬು ಬ್ರಷ್ಷು ಹಿಡಿದು, ಕೈಯಾರೆ. ಮದುವೆ ಕಾಗದದ ಹೆಸರು, ಹೋಟೆಲಿನ ಬೋರ್ಡು, ಪುಸ್ತಕದ ಮುಖಪುಟ, ಅಕ್ಷರದ ಸುತ್ತ ಒಂದಿಷ್ಟು ಚಿತ್ರ. ಅವರ ಕೆಲಸ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿ, ಗೆರೆಗಳ ಕೆಳಗೆ ಬಣ್ಣ ತುಂಬಿ, ಮೇಲೊಂದು ಟೆಕ್ಸ್ಚರ್ ಹೊದಿಸುವುದು. ಟೆಕ್ಸ್ಚರ್ ಎಂದರೆ ಗೋಡೆಯದೋ ಬಟ್ಟೆಯದೋ ಮರದ ತೊಗಟೆಯದೋ ಒಂದು ಫೋಟೋ. ಅದನ್ನು ಚಿತ್ರದ ಮೇಲೆ ತೆಳ್ಳಗೆ ಹಾಸಿದರೆ ನುಣ್ಣಗಿನ ಬಣ್ಣಕ್ಕೆ ಮುಟ್ಟಿದರೆ ಕೈಗೆ ಸಿಗುವಂಥ ಒರಟು ಬರುತ್ತದೆ. ಅಳತೆ ಬಲ್ಲವರು ಮಾಡಿದರೆ ಕಣ್ಣಿಗೆ ಹಬ್ಬ. ಇವರಿಗೆ ಅಳತೆಯೇ ಇರಲಿಲ್ಲ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುತ್ತಾರಲ್ಲ, ಇವರ ಕಂಪ್ಯೂಟರಿನಲ್ಲಿ ಇಂಗೂ ಇತ್ತು, ತೆಂಗೂ ಇತ್ತು.

ಮುಖ್ಯವಾಗಿ ಅವರಿಗೆ ಬಿಳಿ ಜಾಗ ಕಂಡರಾಗುತ್ತಿರಲಿಲ್ಲ. ನಾನು ಬೇಕೆಂದೇ ಬಿಟ್ಟ ಖಾಲಿ ಜಾಗವನ್ನು ಅವರು ಸೋಮಾರಿತನ ಎನ್ನುತ್ತಿದ್ದರು. ಅಲ್ಲೊಂದು ಮೋಡ, ಇಲ್ಲೊಂದು ಹೂವಿನ ಎಸಳು, ಏನೂ ತೋಚದಿದ್ದರೆ ಜಂಬಿಟ್ಟಿಗೆ ಕಲ್ಲಿನ ತೂತುತೂತು. ವಿನೋಬನಗರದ ಒಬ್ಬ ಮಕ್ಕಳ ಡಾಕ್ಟರ ಬೋರ್ಡಿಗೆ ನಾನು ದುಂಡದುಂಡಗೆ, ಮಗುವಿನ ಕೆನ್ನೆಯ ಹಾಗೆ ಅಕ್ಷರ ಬರೆದುಕೊಟ್ಟೆ. ಇವರು ಅದರ ಮೇಲೆ ಒಣಗಿ ಬಿರುಕುಬಿಟ್ಟ ಕೆರೆಯಂಗಳದ ಟೆಕ್ಸ್ಚರ್ ಹಾಸಿದರು. ಬೋರ್ಡು ನೋಡಿದ ಜನ ಕಜ್ಜಿ ತುರಿಕೆ ಎಂದು ಬರತೊಡಗಿದರು. ಡಾಕ್ಟರು ಪಾಪ ಒಳ್ಳೆಯವರು, ಫೋನ್ ಮಾಡಿ ಮೆಲ್ಲಗೆ ಹೇಳಿದರು. ಸರ್ ಫೋನಿಟ್ಟು ನನ್ನ ಕಡೆ ತಿರುಗಿ, ಓದಿದವರಿಗೆಲ್ಲ ಕಲೆ ಅರ್ಥ ಆಗೋದಿಲ್ಲ ಎಂದರು.

ಟೆಕ್ಸ್ಚರ್ ಹುಡುಕಿಕೊಂಡು ಕ್ಯಾಮೆರಾ ನೇತುಹಾಕಿಕೊಂಡು ಊರೂರು ಅಲೆಯುವುದು ಅವರ ಇನ್ನೊಂದು ಚಟ. ತುಕ್ಕು ಹಿಡಿದ ತಗಡು ಕಂಡರೆ ಸ್ಕೂಟರ್ ನಿಲ್ಲಿಸುತ್ತಿದ್ದರು. ಒಮ್ಮೆ ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಗೂ ಬಂದರು. ಅಮ್ಮ ದೊಡ್ಡ ಮನುಷ್ಯರು ಬಂದರೆಂದು ಕಾಫಿ ಮಾಡಿ ತಂದರೆ, ಇವರು ನಡುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನಮ್ಮ ಗೋಡೆಯ ಸುಣ್ಣ ಉದುರಿದ ಜಾಗದ ಫೋಟೋ ತೆಗೆಯುತ್ತಿದ್ದರು. ಇಂಥ ಗೋಡೆ ಸಿಗೋದು ಪುಣ್ಯ ಎಂದು ಹೊಗಳಿದರು. ಅಮ್ಮನ ಮುಖ ನೋಡಬೇಕಿತ್ತು. ಕಾಫಿ ಲೋಟ ಅಲ್ಲೇ ಕುಕ್ಕಿ ಒಳಗೆ ಹೋದವಳು ಆ ವಾರವೇ ಆಳು ಕರೆಸಿ ಸುಣ್ಣ ಹೊಡೆಸಿದಳು. ವಿಷಯ ತಿಳಿದ ಸರ್‌ಗೆ ನಿಜವಾಗಿ ಬೇಜಾರಾಯಿತು. ನಮ್ಮ ಗೋಡೆ ಆಮೇಲೆ ಎಷ್ಟೋ ಗೃಹಪ್ರವೇಶದ ಕಾಗದಗಳ ಮೇಲೆ ಊರೆಲ್ಲ ಸುತ್ತಿತು.

ಕೆಲಸ ಮುಗಿದಾಗ ಅವರದೊಂದು ಭಂಗಿ ಇತ್ತು. ಕುರ್ಚಿ ಹಿಂದೆ ತಳ್ಳಿ, ಒಂದು ಕಣ್ಣು ಅರ್ಧ ಮುಚ್ಚಿ, ತುಟಿ ಮುಂದೆ ಮಾಡಿ, ಮಾನಿಟರಿನ ಮೇಲೆ ಮೆಲ್ಲಗೆ ಊದುತ್ತಿದ್ದರು. ಬಣ್ಣ ಹಸಿ ಇದೆಯಂತೆ, ಆರಬೇಕಂತೆ. ಜನ್ಮದಲ್ಲಿ ಬ್ರಷ್ಷು ಹಿಡಿಯದ ಮನುಷ್ಯ. ಕಿರುಬೆರಳಿನ ಉಗುರಿಗೂ ಒಂದು ಚುಕ್ಕೆ ಬಣ್ಣ ತಾಗಿಸಿಕೊಂಡವರಲ್ಲ. ಆದರೂ ಬಂದವರ ಮುಂದೆ ನನ್ನ ಇಂಕಿನ ಚಿತ್ರ ಎತ್ತಿ ಹಿಡಿದು, ಇದು ಬರೀ ಅಸ್ಥಿಪಂಜರ, ಇದಕ್ಕೆ ರಕ್ತಮಾಂಸ ತುಂಬೋನು ನಾನು ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಬ್ಬು ತೊಳೆಯುತ್ತ ಕೂತಿರುತ್ತಿದ್ದೆ. ಕೆಳಗೆ ಮೂಲೆಯಲ್ಲಿ ಬಂಗಾರದ ಬಣ್ಣದಲ್ಲಿ ಅವರೊಬ್ಬರದೇ ಸಹಿ. ಅಸ್ಥಿಪಂಜರಕ್ಕೆ ಸಹಿ ಯಾಕೆ?

ಹಾಗಿದ್ದರೆ ಯಾಕೆ ಬಿಟ್ಟು ಬರಲಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಕೈಯಲ್ಲಿ ಅಕ್ಷರ ಬರೆಸಿಕೊಳ್ಳುವ ಅಂಗಡಿ ಶಿವಮೊಗ್ಗದಲ್ಲಿ ಇನ್ನೊಂದಿದ್ದರೆ ತೋರಿಸಿ. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಿದ್ದೆ, ಸಂಜೆ ಹೋಗುತ್ತಿದ್ದೆ. ಅಕ್ಷರಕ್ಕಾಗಿ ಬರುತ್ತಿದ್ದೆ, ಅವರಿಗಾಗಿ ಅಲ್ಲ.

ಇನ್ನು ಅವರ ಭಯಭಕ್ತಿ. ಸಿಪಿಯು ಮೇಲೆ ನಿಂಬೆಹಣ್ಣು, ಬಾಗಿಲಿಗೆ ಮೆಣಸಿನಕಾಯಿ ಸರ. ರಾಹುಕಾಲದಲ್ಲಿ ಹೊಸ ಫೈಲು ತೆರೆಯುವಂತಿಲ್ಲ. ಶುಕ್ರವಾರ ಕಪ್ಪು ಹಿನ್ನೆಲೆಯ ಕೆಲಸ ಮುಟ್ಟುವಂತಿಲ್ಲ. ಒಬ್ಬಳೇ ಮಗಳು, ಅವಳ ಮದುವೆಯ ಕಾಗದಕ್ಕಂತೂ ನನ್ನ ಪ್ರಾಣ ಹಿಂಡಿದರು. ಮಗಳ ಹೆಸರನ್ನು ಬರೆಸಿದರು, ಬರೆಸಿದರು, ನಿಬ್ಬು ಸವೆಯುವ ತನಕ ಬರೆಸಿದರು. ಈ ಗೆರೆ ಅಳ್ತಾ ಇದೆ ಮಾರಾಯ್ತಿ, ನನ್ನ ಮಗಳ ಹೆಸರು ನಗಬೇಕು ಎನ್ನುತ್ತಿದ್ದರು. ಹೆಂಡತಿಯ ಧಾರೆ ಸೀರೆಯನ್ನೇ ಸ್ಕ್ಯಾನರಿನ ಮೇಲೆ ಹಾಸಿ ಟೆಕ್ಸ್ಚರ್ ತೆಗೆದರು. ಆ ಕಾಗದ ಒಂದು ಚೆನ್ನಾಗಿ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಷರ ನನ್ನದಲ್ಲವೇ.

ಈಗ ಹೊಳಲೂರಿನ ವಿಷಯಕ್ಕೆ ಬರುತ್ತೇನೆ. ಅವರನ್ನು ನೆನೆದಾಗಲೆಲ್ಲ ನನಗೆ ನೆನಪಾಗುವುದು ಅದೇ.

ಹೊಳಲೂರಿನ ಒಬ್ಬ ಸಂಸ್ಕೃತ ಮೇಷ್ಟರು ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರು, ಇದ್ದವಳು ಒಬ್ಬಳೇ ಮಗಳು. ಶಿವಮೊಗ್ಗದಲ್ಲಿ ಟೀಚರು, ಅವಳ ಶಾಲೆಗೆ ನಾನೊಂದು ಬೋರ್ಡು ಬರೆದುಕೊಟ್ಟಿದ್ದರಿಂದ ನನಗೆ ಪರಿಚಯ. ತಮ್ಮ ಕ್ರಿಯೆಗೆ ಮಗಳೇ ಕೂರಬೇಕೆಂದು ಮೇಷ್ಟರೇ ಹೇಳಿ ಹೋಗಿದ್ದರಂತೆ. ಒಬ್ಬ ಪುರೋಹಿತರು ಒಪ್ಪಿದರು, ಅವಳು ಕೂತಳು. ಓಲ್ಡ್ ಟೌನಿನಲ್ಲಿದ್ದ ಅವಳ ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. ನೆಂಟರೆಲ್ಲ ದೊಡ್ಡಪ್ಪನ ಬಾಯಿ ನೋಡುವವರು. ಹುಡುಗಿ ಎಲ್ಲಿ ಎಡವುತ್ತಾಳೆ ಎಂದು ಎಲ್ಲರೂ ಕಾದು ಕೂತಿದ್ದರು. ಅವಳಿಗಿದ್ದದ್ದು ಒಂದೇ ಆಸೆ. ವೈಕುಂಠ ಸಮಾರಾಧನೆಯ ದಿನ ಆ ನೆಂಟರೆಲ್ಲ ಬಂದು, ಅಪ್ಪನ ಹೆಸರಿನಲ್ಲಿ ಎಲೆಯ ಮುಂದೆ ಕೂತು ಉಣ್ಣಬೇಕು. ಅವರು ಬಾರದಿದ್ದರೆ ಅಪ್ಪನ ಮಾತು ತಪ್ಪು ಎಂದು ಊರೆಲ್ಲ ಒಪ್ಪಿದ ಹಾಗೆ.

ಸೂತಕದಲ್ಲಿದ್ದವಳು ನನಗೆ ಫೋನ್ ಮಾಡಿ ಸಮಾರಾಧನೆಯ ಕಾಗದ ಬರೆದುಕೊಡಲು ಕೇಳಿದಳು. ಕಪ್ಪು ಬಿಳುಪಿನಲ್ಲೇ ಇರಲಿ ಅಕ್ಕ, ಅಪ್ಪನಿಗೆ ಆಡಂಬರ ಆಗ್ತಿರಲಿಲ್ಲ ಎಂದಳು. ನಾನು ಹೊಳೆಯ ಮೆಟ್ಟಿಲು ಬರೆದೆ. ಮೆಟ್ಟಿಲ ಮೇಲೆ ಒಂದು ತಾಮ್ರದ ಚೆಂಬು, ಪಕ್ಕದಲ್ಲಿ ಮಡಿಸಿಟ್ಟ ಪಂಚೆ, ಮೇಲೆ ಮೇಷ್ಟರ ಹೆಸರು. ನೀರು ಬರೆಯಲಿಲ್ಲ. ಮೆಟ್ಟಿಲ ಕೆಳಗೆ ಕಾಗದವನ್ನು ಬಿಳಿಯಾಗಿ ಬಿಟ್ಟೆ, ಅದೇ ತುಂಗೆ. ನಾನು ಬರೆದ ಚಿತ್ರಗಳಲ್ಲಿ ನನಗೆ ತೃಪ್ತಿ ಕೊಟ್ಟದ್ದು ಕೆಲವೇ ಕೆಲವು, ಇದು ಅದರಲ್ಲೊಂದು. ಬಣ್ಣ ಬೇಡವಂತೆ ಸರ್, ಸುಮ್ಮನೆ ಸ್ಕ್ಯಾನ್ ಮಾಡಿ ಪ್ರೆಸ್ಸಿಗೆ ಕಳಿಸಿ ಎಂದು ಸ್ಪಷ್ಟವಾಗಿ ಹೇಳಿ ಬಸ್ಸು ಹತ್ತಿದೆ. ಆಯ್ತು ಆಯ್ತು ಎಂದು ತಲೆಯಾಡಿಸಿದರು.

ಆ ಬಿಳಿ ಜಾಗದ ಮುಂದೆ ಅವರನ್ನೊಬ್ಬರನ್ನೇ ಬಿಟ್ಟು ಬಂದರೆ ಇನ್ನೇನಾಗುತ್ತದೆ? ತುಂಗೆಗೆ ಪಾಚಿಯ ಬಣ್ಣ ಸುರಿದರು. ಮೆಟ್ಟಿಲಿಗೆ ಜಂಬಿಟ್ಟಿಗೆ ಬಡಿದರು. ಎಲ್ಲದರ ಮೇಲೆ, ಹಳೇ ಕಾಗದ ಎಂದು ತಾವೇ ಹೆಸರಿಟ್ಟ ಒಂದು ಟೆಕ್ಸ್ಚರ್ ಹಾಸಿ, ಊದಿ, ಪ್ರೆಸ್ಸಿಗೆ ಕಳಿಸಿದರು. ಅಚ್ಚಾದ ಕಟ್ಟನ್ನು ಹುಡುಗಿಯ ಸೋದರತ್ತೆಯ ಮಗ ಪ್ರೆಸ್ಸಿನಿಂದಲೇ ತೆಗೆದುಕೊಂಡು ಹೋಗಿ, ಕಣ್ಣಾಡಿಸಿಯೂ ನೋಡದೆ, ಶಿವಮೊಗ್ಗ, ಹೊಳಲೂರು, ಭದ್ರಾವತಿ ಎಲ್ಲ ಕಡೆ ಹಂಚಿಬಿಟ್ಟ.

ಆ ಹಳೇ ಕಾಗದದ ನಾಲ್ಕು ಮೂಲೆಯಲ್ಲೂ ಹಳದಿ ಇತ್ತು. ಬೆರಳಲ್ಲಿ ಸವರಿದ ಹಾಗೆ.

ಶುಭಕಾರ್ಯದ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತೇವೆ. ಸಾವಿನ ಕಾಗದಕ್ಕೆ ಹಚ್ಚುವುದಿಲ್ಲ. ಅದನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಇಲ್ಲ, ಓದಿ ಹರಿದು ಹೊರಗೆ ಹಾಕುತ್ತಾರೆ. ಇದು ಯಾರಿಗೆ ಗೊತ್ತಿಲ್ಲ? ಅಪ್ಪ ಸತ್ತ ಸಂಭ್ರಮಕ್ಕೆ ಅರಿಶಿನ ಹಚ್ಚಿ ಕರೆದಿದ್ದಾಳೆ, ಹೆಣ್ಣುಮಗಳು ಕ್ರಿಯೆಗೆ ಕೂತರೆ ಇನ್ನೇನಾಗುತ್ತದೆ ಎಂದು ದೊಡ್ಡಪ್ಪ ಫೋನಿನ ಮೇಲೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು. ಅವಳ ಮನೆಯಲ್ಲಿ ಯಾರೂ ಎಲೆ ಮುಟ್ಟಬಾರದೆಂದು ತೀರ್ಮಾನವೂ ಆಯಿತು.

ಹುಡುಗಿ ನನಗೆ ಫೋನ್ ಮಾಡಿದಾಗ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಹಚ್ಚಿಲ್ಲ ಅಂದ್ರೆ ಯಾರೂ ನಂಬ್ತಿಲ್ಲ ಅಕ್ಕ. ಪ್ರಿಂಟಲ್ಲೇ ಬಂದಿದೆ ಅಂದ್ರೆ, ಪ್ರಿಂಟ್ ಮಾಡ್ಸಿದ್ದು ನೀನೇ ತಾನೆ ಅಂತಾರೆ.”

ನಾನು ಚಪ್ಪಲಿ ಮೆಟ್ಟಿ ಹೊರಟವಳು ವಿನೋಬನಗರದ ಆ ಮಹಡಿ ಹತ್ತುವ ತನಕ ಏನು ಬೈಯಬೇಕೆಂದು ಜೋಡಿಸಿಕೊಂಡೇ ಬಂದೆ. ಸರ್ ಆರಾಮಾಗಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ವಿಷಯ ಹೇಳಿದರೆ, ಅದು ಅರಿಶಿನ ಅಲ್ಲ ಮಾರಾಯ್ತಿ, ಹಳೇ ಕಾಗದದ ಫೀಲು ಎಂದರು. ಸರಿ, ಆ ಮಾತನ್ನೇ ಬಂದು ಅವಳ ದೊಡ್ಡಪ್ಪನ ಮುಂದೆ ಹೇಳಿ, ಅಷ್ಟು ಸಾಕು, ಆ ಹುಡುಗಿ ಬದುಕಿಕೊಳ್ಳುತ್ತಾಳೆ ಎಂದೆ. ಗಿರಾಕಿಯ ಮನೆಗೆ ಹೋಗಿ ತಪ್ಪಾಯ್ತು ಅಂದರೆ ನಾಳೆ ಊರೆಲ್ಲ ಆಡಿಕೊಳ್ಳುತ್ತದೆ, ಬೇಕಿದ್ದರೆ ಪ್ರೆಸ್ಸಿನವರದು ತಪ್ಪು ಅಂತ ಹೇಳಲಿ ಎಂದರು. ಎಷ್ಟು ಸಲೀಸಾಗಿ ಎಂದರು ಅನ್ನುತ್ತೀರಿ! ಎಲೆಯಡಿಕೆ ಉಗುಳಿ ಬಂದು, ಮತ್ತೆ ಕೂತು, ಯಾವುದೋ ಹೋಟೆಲಿನ ಮೆನುಗೆ ಬಣ್ಣ ತುಂಬಲು ಶುರುಮಾಡಿದರು.

ನಾನು ಇನ್ನೊಂದು ಕಂಪ್ಯೂಟರಿನಲ್ಲಿ ಆ ಕಾಗದದ ಫೈಲು ತೆರೆದೆ. ಒಂದರ ಮೇಲೊಂದು ಹಾಸಿದ ಪದರಗಳನ್ನು, ಅವರ ಭಾಷೆಯಲ್ಲಿ ಲೇಯರ್, ಒಂದೊಂದಾಗಿ ಮರೆಮಾಡುತ್ತಾ ಹೋದೆ. ಕೊನೆಗೆ ಉಳಿದದ್ದು ಆ ಹಳೇ ಕಾಗದ. ದೊಡ್ಡದು ಮಾಡಿ ನೋಡಿದೆ. ಹಳದಿಯ ಪಕ್ಕದಲ್ಲಿ, ಅಳಿಸಿದರೂ ಪೂರ್ತಿ ಅಳಿಯದೆ, ಒಂದು ಅಕ್ಷರದ ತಿರುವು ಮಸುಕಾಗಿ ಉಳಿದಿತ್ತು. ನನ್ನ ಕೈ ನನಗೆ ಗೊತ್ತಾಗದೆ ಇರುತ್ತದೆಯೇ? ನಿಬ್ಬು ಸವೆಯುವ ತನಕ ಬರೆದ ತಿರುವು ಅದು. ಆಗ ಎಲ್ಲ ನೆನಪಾಯಿತು. ಮಗಳ ಮದುವೆಯ ಕಾಗದ ಅಚ್ಚಾಗಿ ಬಂದ ದಿನ ಸರ್ ಹೆಂಡತಿ ಅಂಗಡಿಯಲ್ಲೇ ಮೊದಲ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಸರ್ ಅದನ್ನು ಕಸಿದುಕೊಂಡು, ಈ ಹಳದಿ ಯಾವ ಕಂಪ್ಯೂಟರಲ್ಲೂ ಸಿಗಲ್ಲ ಎಂದು ಸ್ಕ್ಯಾನರಿಗೆ ಹಾಕಿದ್ದರು. ಆಮೇಲೆ ಕುಂಕುಮ ಅಳಿಸಿ, ಹೆಸರು ಅಳಿಸಿ, ಹಳದಿ ಉಳಿಸಿಕೊಂಡಿದ್ದಾರೆ. ಸಾವಿರ ಗೋಡೆ ಕಲ್ಲುಗಳ ನಡುವೆ ಅದೂ ಒಂದಾಗಿ, ಎಲ್ಲಿಂದ ಬಂತೆಂಬುದೇ ಮರೆತುಹೋಗಿದೆ.

“ಸರ್, ಇದು ನಿಮ್ಮ ಮಗಳ ಮದುವೆ ಕಾಗದದ ಮೂಲೆ,” ಎಂದೆ. “ನಿಮ್ಮ ಮನೆಯವರು ಹಚ್ಚಿದ ಅರಿಶಿನ.”

ಅವರು ಎದ್ದು ಬಂದು ನೋಡಿದರು. ಮುಖ ಸುಣ್ಣದ ಹಾಗಾಯಿತು. ಮಗಳು ಆಗ ತುಂಬಿದ ಬಸುರಿ. ಮೊದಲು ಕೇಳಿದ್ದು, ಎಷ್ಟು ಮನೆಗೆ ಹೋಗಿದೆ ಎಂದು. ಆಮೇಲೆ ಕೇಳಿದ್ದು, ಹರಿದು ಹಾಕಿರ್ತಾರಾ ಎಂದು. ಹಾಕಿರ್ತಾರೆ ಸರ್, ಪದ್ಧತಿ ಅಲ್ವಾ ಎಂದೆ. ಖಾರವಾಗಿಯೇ ಎಂದೆ. ಹೊಳಲೂರಿನ ಹುಡುಗಿಯ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಮಗಳ ಮದುವೆಯ ಅರಿಶಿನ ಸಾವಿನ ಕಾಗದಕ್ಕೆ ಹತ್ತಿ, ಊರೆಲ್ಲ ಹರಿದು ಬಿದ್ದಿದೆ. ಅವರಿಗೆ ಕಂಡದ್ದು ಅಷ್ಟೇ. ಎಲ್ಲ ಕಾಗದ ವಾಪಸು ತರಬೇಕು ಎಂದು ಸ್ಕೂಟರಿನ ಕೀಲಿ ಹುಡುಕತೊಡಗಿದರು. ಕೀಲಿ ಕೈಯಲ್ಲೇ ಇತ್ತು.

ನಾನೂ ಹಿಂದೆ ಕೂತು ಹೊರಟೆ. ಈ ಮನುಷ್ಯ ಮನೆಮನೆ ಬಾಗಿಲಲ್ಲಿ ನಿಂತು ಬೇಡುವುದನ್ನು ಕಣ್ಣಾರೆ ನೋಡಬೇಕಿತ್ತು. ಮೊದಲು ಹೊಳಲೂರಿಗೆ ಹೋದೆವು. ಸೂತಕದ ಮನೆಯೆಂದು ಅವರು ಒಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ನಿಂತು, ಉಳಿದ ಕಾಗದ ಕೊಡಿ, ಯಾರ್ಯಾರಿಗೆ ಹೋಗಿದೆ ಹೇಳಿ ಎಂದು ಗಡಿಬಿಡಿ ಮಾಡಿದರು. ಹುಡುಗಿ ಕಂಬ ಹಿಡಿದು ನಿಂತು ಅವರನ್ನೇ ನೋಡುತ್ತಿದ್ದಳು. ಒಂದೊಂದೇ ಮನೆಯ ಹೆಸರು ಹೇಳಿದಳು.

ಆಮೇಲೆ ನಡೆದದ್ದು ಹೇಳಬೇಕು. ಬಾಗಿಲು ತೆಗೆದವರಿಗೆಲ್ಲ ಸರ್ ಕೈಮುಗಿದು ಅದೇ ಕಥೆ ಹೇಳಿದರು. ಅರಿಶಿನ ಆ ಹುಡುಗಿ ಹಚ್ಚಿದ್ದಲ್ಲ, ಅದು ನನ್ನ ಮಗಳ ಮದುವೆಯದು, ನನ್ನ ಕಂಪ್ಯೂಟರಿನಿಂದ ಬಂದದ್ದು, ದಯವಿಟ್ಟು ಕಾಗದ ಕೊಡಿ. ಯಾವ ಮಾತನ್ನು ಹೇಳಿ ಎಂದು ನಾನು ಬೆಳಿಗ್ಗೆ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವ ಹಾಗೆ ಕೇಳಿಕೊಂಡಿದ್ದೆನೋ, ಅದೇ ಮಾತನ್ನು ಸಂಜೆಯ ತನಕ ಗಂಟಲು ಒಣಗುವಂತೆ ಹೇಳಿದರು. ಒಬ್ಬರು ಕಾಗದವನ್ನು ಒಲೆಗೆ ಹಾಕಿದೆವು ಎಂದಾಗ ಸರ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ನೀರು ಕೇಳಿದರು. ನನಗೆ ಕನಿಕರ ಬರಲಿಲ್ಲ. ಅನುಭವಿಸಲಿ ಎಂದುಕೊಂಡೆ.

ಕೊನೆಗೆ ಓಲ್ಡ್ ಟೌನು, ದೊಡ್ಡಪ್ಪನ ಮನೆ. ಅವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. ಹರಿದು ಮೋರಿಗೆ ಹಾಕಿದೆ ಎಂದು ಬೆರಳು ತೋರಿಸಿದರು. ಕಿರುಬೆರಳಿಗೆ ಬಣ್ಣ ತಾಗಿಸಿಕೊಳ್ಳದ ನಮ್ಮ ಸರ್ ಅಂಗಿಯ ತೋಳು ಮಡಿಸಿ, ಮೋರಿಯ ಪಕ್ಕ ಮಂಡಿಯೂರಿ, ನೀರಿನೊಳಗೆ ಕೈ ಹಾಕಿ ತುಂಡು ಹುಡುಕತೊಡಗಿದರು. ಬೀದಿಯ ಜನ ನಿಂತು ನೋಡಿದರು. ನಮ್ಮ ಮನೆ ಅಲ್ಲಿಗೆ ಹತ್ತಿರ, ನೋಡಿದವರಲ್ಲಿ ನಮ್ಮಮ್ಮನೂ ಇದ್ದಳು.

“ಹಾಗಾದ್ರೆ ನಮ್ಮ ಹುಡುಗಿ ಹಚ್ಚಿದ್ದಲ್ವಾ?” ಎಂದರು ದೊಡ್ಡಪ್ಪ.

“ಅಲ್ಲ ಸ್ವಾಮಿ,” ಎಂದರು ಸರ್, ತಲೆ ಎತ್ತದೆ. “ಆ ಮಗುಗೆ ಇದರ ಸುದ್ದೀನೇ ಗೊತ್ತಿಲ್ಲ.”

ನಮ್ಮ ಹುಡುಗಿ ಎಂದು ದೊಡ್ಡಪ್ಪನ ಬಾಯಲ್ಲಿ ಬಂದದ್ದು ಅವತ್ತೇ ಮೊದಲಂತೆ, ಅಮ್ಮ ಆಮೇಲೆ ಹೇಳಿದಳು.

ಸಮಾರಾಧನೆಗೆ ನೆಂಟರೆಲ್ಲ ಬಂದರು. ದೊಡ್ಡಪ್ಪ ಮೊದಲ ಪಂಕ್ತಿಯಲ್ಲೇ ಕೂತರು. ಸರ್ ಕೂಡ ಬಂದಿದ್ದರು, ಇಸ್ತ್ರಿ ಪಂಚೆ ಉಟ್ಟು. ಒಂದು ವಾರದಲ್ಲಿ ಕಥೆ ಬಣ್ಣ ಬಳಿದುಕೊಂಡು ತಯಾರಾಗಿತ್ತು. ತಪ್ಪು ಅಂತ ಗೊತ್ತಾದ ಮೇಲೆ ನನ್ನ ಮನಸ್ಸಾಕ್ಷಿ ಸುಮ್ಮನಿರಲಿಲ್ಲ ನೋಡಿ ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದವರು ತಲೆದೂಗುತ್ತಿದ್ದರು. ಊಟಕ್ಕೆ ಮುಂಚೆ ಸರ್ ಅಂಗಳದ ಸಗಣಿ ಸಾರಿಸಿದ ನೆಲದ ಫೋಟೋ ಕೂಡ ತೆಗೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಪಂಕ್ತಿ ನಡೆಯುತ್ತಿದ್ದಾಗ ಹುಡುಗಿ ನಾನು ನಿಂತಿದ್ದ ಹಿತ್ತಿಲ ಬಾಗಿಲಿಗೆ ಬಂದಳು. ನಾನು ತಡೆಯಲಾರದೆ ಹೇಳಿಬಿಟ್ಟೆ. ಮನಸ್ಸಾಕ್ಷಿಯೂ ಇಲ್ಲ ಮಣ್ಣೂ ಇಲ್ಲ, ಅವತ್ತು ಬೆಳಿಗ್ಗೆ ಬರೋದಿಲ್ಲ ಅಂದ ಮನುಷ್ಯ, ತನ್ನ ಮಗಳಿಗೆ ಏನಾದರೂ ಆದೀತೆಂದು ಓಡಿ ಬಂದದ್ದು, ನಿನಗಾಗಿ ಒಂದು ಹೆಜ್ಜೆಯೂ ಇಟ್ಟವರಲ್ಲ ಎಂದೆ.

“ಗೊತ್ತು ಅಕ್ಕ,” ಎಂದಳು. “ಅವತ್ತು ಅಂಗಳದಲ್ಲಿ ನಿಂತಾಗ್ಲೇ ಗೊತ್ತಾಯ್ತು. ನನ್ನ ಮುಖಾನೂ ನೋಡ್ಲಿಲ್ಲ ಅವ್ರು. ಮಗಳು, ಮಗಳು ಅಂತಾನೇ ಇದ್ರು.”

ಸೆರಗಲ್ಲಿ ಕೈ ಒರೆಸಿಕೊಂಡಳು.

“ಮಗಳಿಗೋಸ್ಕರ ಮೋರೀಗೆ ಕೈ ಹಾಕೋರು ನಂಗೂ ಒಬ್ರಿದ್ರು ಅಕ್ಕ. ಹೋದ ತಿಂಗಳು ತನಕ ಇದ್ರು.”

ಅಷ್ಟು ಹೊತ್ತು ಸ್ಕೂಟರಿನ ಹಿಂದೆ ಕೂತು ನೋಡಿದವಳು ನಾನು, ನನಗೆ ಅದು ಕಂಡೇ ಇರಲಿಲ್ಲ. ಇವತ್ತಿಗೂ ನನಗೆ ಅವರ ಬಗ್ಗೆ ಗೌರವ ಬಂದಿಲ್ಲ, ಬರುವುದೂ ಇಲ್ಲ.

ಒಳಗೆ ಸರ್ ಎಲೆಯ ಮುಂದೆ ಕೂತು, ಪಾಯಸ ಇನ್ನೊಂದು ಸಲ ಬರಲಿ ಎಂದು ಕೂಗುತ್ತಿದ್ದರು. ಬಡಿಸುವವರು ಆ ಕಡೆ ಪಂಕ್ತಿಯಲ್ಲಿದ್ದರು. ಹುಡುಗಿ ತಾನೇ ಪಾತ್ರೆ ಎತ್ತಿಕೊಂಡು ಹೋಗಿ, ಸಾಕು ಸಾಕು ಎಂದು ಅವರು ಕೈ ಅಡ್ಡ ಹಿಡಿಯುವ ತನಕ ಬಡಿಸಿದಳು.